ಮೋತ್ಯಾನ ಕಣ್ಣು ಮತ್ತು ನನ್ನ ಏಳು ಹರಳು

ಸಾಂಗಲಿಗೆ ಇನ್ನೂ ರಾಜರಿದ್ದ ಕಾಲ. ಸಂಸ್ಥಾನದ ಕುದುರೆಗಳು ಮುಂಜಾನೆ ಕೃಷ್ಣಾ ನದಿಯ ಕಡೆ ಹೊರಟರೆ ನಾವು ಮಕ್ಕಳೆಲ್ಲ ಕಟ್ಟೆಗೆ ಬಂದು ನಿಲ್ಲುತ್ತಿದ್ದೆವು. ಚೈತ್ರ ಮುಗಿದು ಬಿಸಿಲು ಏರಿತೆಂದರೆ ನಮ್ಮ ಓಣಿಗೆ ಓಣಿಯೇ ಸೀನಲು ಶುರುಮಾಡುತ್ತಿತ್ತು. ವರ್ಷದ ಮಸಾಲಿ ಖಾರ ಕುಟ್ಟುವ ದಿನಗಳವು. ಸಂಕೇಶ್ವರದ ಮೆಣಸಿನಕಾಯಿ ಅಂಗಳದ ತುಂಬ ಕೆಂಪಗೆ ಹರಡಿರುತ್ತಿತ್ತು. ಒಳಗೆ ಎಣ್ಣೆಯಲ್ಲಿ ಕೊಬ್ಬರಿ, ಎಳ್ಳು, ಲವಂಗ ಹುರಿಯುವ ವಾಸನೆ. ಹಿತ್ತಲಲ್ಲಿ ಒನಕೆಯ ದಡ್ ದಡ್ ಸದ್ದು. ನೀವೂ ಅಂಥ ಓಣಿಯಲ್ಲಿ ಬೆಳೆದವರಾಗಿದ್ದರೆ ಆ ಘಾಟು ಈಗಲೂ ನಿಮ್ಮ ಮೂಗಿನಲ್ಲಿ ಎಲ್ಲೋ ಅಡಗಿ ಕೂತಿದ್ದೀತು.

ನಮ್ಮದು ಅರಿಷಿಣದ ವ್ಯಾಪಾರದ ಮನೆ. ಹಿರಿಯರು ಯಾವಾಗಲೋ ಬಿಜಾಪುರದ ಕಡೆಯಿಂದ ಬಂದು ಇಲ್ಲಿ ನೆಲೆನಿಂತವರು. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಅರಿಷಿಣದ ಪೇಟೆಯಲ್ಲಿ ಆಗ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕೊಡುವವನೂ ಕೊಳ್ಳುವವನೂ ಒಂದು ವಸ್ತ್ರದ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಮಾತಾಡುತ್ತಿದ್ದರು. ಕೊನೆಗೆ ಒಬ್ಬ ಇನ್ನೊಬ್ಬನ ಮುಷ್ಟಿಯನ್ನು ಒಮ್ಮೆ ಒತ್ತಿದರೆ ಮಾತು ಮುಗಿಯಿತು ಎಂದರ್ಥ. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ವಸ್ತ್ರದ ಅಲುಗಾಟ ಮಾತ್ರ. ಅಪ್ಪ ಆ ವಿದ್ಯೆಯಲ್ಲಿ ಪಳಗಿದವನು. ಅದನ್ನು ನೋಡುತ್ತಲೇ ಬೆಳೆದ ನಮಗೆ, ಯಾರಾದರೂ ಕೈ ಮರೆಮಾಡಿದರೆ ಸಾಕು, ಏನೋ ನಡೆದಿದೆ ಎಂದೇ ಅನಿಸುತ್ತಿತ್ತು. ನಾನಂತೂ ಹುಟ್ಟಾ ಸಂಶಯದವಳು. ಬೆಲ್ಲದ ಡಬ್ಬಿ ಒಂದು ಬೆರಳು ಸರಿದಿದ್ದರೂ ನನಗೆ ಗೊತ್ತಾಗುತ್ತಿತ್ತು, ಸರಿಸಿದವಳು ಬಹಳ ಸಲ ನಾನೇ ಆಗಿದ್ದರೂ ಕೂಡ.

ನನಗಾಗ ಒಂಬತ್ತು ವರ್ಷ. ಅವ್ವ ಹೆರಿಗೆಗೆಂದು ಅಥಣಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ನಾವು ಆಯಿ ಎನ್ನುತ್ತಿದ್ದ ಅಪ್ಪನ ತಾಯಿ, ಅಪ್ಪನ ತಮ್ಮ ಕಾಕಾ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಉಳಿದಿದ್ದ ಅವನ ಹೆಂಡತಿ ಕಾಕೂ, ಅವಳ ಮಗಳು ಶಾಂತಕ್ಕ. ಶಾಂತಕ್ಕನಿಗೆ ಹದಿನಾರು. ನನ್ನ ತಲೆ ಬಾಚುವವಳು, ಜಡೆಗೆ ಅಬ್ಬಲಿಗೆ ಮುಡಿಸುವವಳು, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳುವವಳು ಎಲ್ಲ ಅವಳೇ. ಆ ಬೇಸಿಗೆಯಲ್ಲಿ ಅವಳನ್ನು ನೋಡಲು ಮಿರಜಿನಿಂದ ಒಂದು ಮನೆತನದವರು ಬರುವವರಿದ್ದರು. ತಂದೆಯಿಲ್ಲದ ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರಲೆಂದು ಕಾಕೂ ಸೋಮವಾರ ಸೋಮವಾರ ಉಪವಾಸ ಮಾಡುತ್ತಿದ್ದಳು. ಶಾಂತಕ್ಕ ಹೋದರೆ ನನ್ನ ಗತಿಯೇನು ಎಂದು ಮಾತ್ರ ಯಾರೂ ಕೇಳಲಿಲ್ಲ. ನನಗೆ ಆ ಮಿರಜಿನವರ ಮೇಲೆ, ಮುಖ ನೋಡುವ ಮೊದಲೇ, ಕೆಟ್ಟ ಸಿಟ್ಟಿತ್ತು.

ಅದೇ ಹೊತ್ತಿಗೆ ನನ್ನ ಬಲಗಣ್ಣಿನ ರೆಪ್ಪೆಗೆ ಒಂದು ಗುಳ್ಳೆ ಎದ್ದಿತು. ರಾಂಜಣವಾಡಿ ಎನ್ನುತ್ತಿದ್ದೆವು ಅದಕ್ಕೆ, ಮರಾಠಿ ಹೆಸರೇ ನಮಗೆ ರೂಢಿ. ಆಯಿ ಲವಂಗ ತೇಯ್ದು ಹಚ್ಚಿದಳು, ಉರಿಯಿತು, ಅಳುತ್ತ ಹಿತ್ತಲಿಗೆ ಓಡಿದೆ. ಅಲ್ಲಿ ತಾನಿಬಾಯಿ ಖಾರ ಕುಟ್ಟುತ್ತಿದ್ದಳು.

ತಾನಿಬಾಯಿ ಸಮಡೋಳಿಯವಳು. ನಾನು ಹುಟ್ಟುವ ಮೊದಲಿನಿಂದಲೂ ಪ್ರತಿ ಬೇಸಿಗೆ ನಮ್ಮ ಮನೆಗೆ ಖಾರ, ಅರಿಷಿಣ ಕುಟ್ಟಲು ಬರುತ್ತಿದ್ದಳು. ಗಟ್ಟಿ ಕೈ, ಸಣ್ಣ ದನಿ. ಯಾರೂ ಇಲ್ಲದಾಗ ನಾನು ಅವಳನ್ನು, ಅವ್ವನ ತಂಗಿಯನ್ನು ಕರೆಯುವ ಹಾಗೆ, ತಾನಿಮಾವಶಿ ಎನ್ನುತ್ತಿದ್ದೆ. ಕಾಕೂ ಎದುರಿಗೆ ತಾನಿಬಾಯಿ. ಕೆಲಸದ ನಡುವೆ ದಣಿವಾರಿಸಿಕೊಳ್ಳುವಾಗ ನನ್ನ ಜೊತೆ ಹರಳಾಟಕ್ಕೂ ಕೂಡುತ್ತಿದ್ದಳು. ನದಿಯ ದಂಡೆಯಿಂದ ಆರಿಸಿ ತಂದ ಏಳು ಹರಳು ನನ್ನವು. ಒಂದು ಬಿಳಿದು, ಒಂದಕ್ಕೆ ನಡುವೆ ಕರಿಗೆರೆ, ಒಂದು ಹುಣಿಸೆ ಬೀಜದ ಹಾಗೆ ಚಪ್ಪಟೆ. ಕಣ್ಣು ಮುಚ್ಚಿ ಬೆರಳಾಡಿಸಿ ತಾನಿಬಾಯಿ ಯಾವುದು ಯಾವುದೆಂದು ಹೇಳಿಬಿಡುತ್ತಿದ್ದಳು.

ಅಂದು ನನ್ನ ಕಣ್ಣು ನೋಡಿ ನಕ್ಕಳು.

"ಅಳಬ್ಯಾಡ ಬಾಳಾ. ನಮ್ಮ ಊರಾಗ ಇದಕ್ಕ ಬ್ಯಾರೇನ ಮಾಡತಾರ. ಏಳು ಹರಳ ಎಡಗೈಲೆ ತಗೊಂಡು, ಮಾತಾಡದ, ಹಾದ್ಯಾಗ ಒಂದರ ಮ್ಯಾಲ ಒಂದ ಇಟ್ಟು, ಹೊಳ್ಳಿ ನೋಡದ ಬರಬೇಕು. ಯಾರ ಕಾಲ ತಾಕಿ ಹರಳ ಬೀಳತಾವ, ಗುಳ್ಳಿ ಅವರ ಕಣ್ಣಿಗಿ ಹೋಗತೈತಿ."

"ಖರೇನ?"

"ಖರೇನೋ ಸುಳ್ಳೋ ಆ ಶಿವಗ ಗೊತ್ತು. ನೀ ಮಾತ್ರ ಮಾಡಬ್ಯಾಡ. ಇನ್ನೊಬ್ಬರ ಕಣ್ಣ ಯಾಕ ಕೆಡಸೂದು? ಲವಂಗ ಹಚಗೊಂಡ ಸುಮ್ಮ ಕುಂದರ."

ಮಾಡಬೇಡ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಶಾಂತಕ್ಕನ ಕಣ್ಣಿಗೆ ಗುಳ್ಳೆ ಎದ್ದರೆ? ಮಿರಜಿನವರು ಬಂದು, ಊದಿದ ಕಣ್ಣಿನ ಹುಡುಗಿಯನ್ನು ನೋಡಿ, ಅವಲಕ್ಕಿ ತಿಂದು ಹಾಗೇ ಹೊರಟುಹೋದರೆ? ಗುಳ್ಳೆ ಎಂಟು ದಿನದಲ್ಲಿ ಇಳಿಯುತ್ತದೆ, ಶಾಂತಕ್ಕ ನನಗೇ ಉಳಿಯುತ್ತಾಳೆ. ಇಷ್ಟು ಸರಳ ಉಪಾಯ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು.

ಮರುದಿನ ಬೆಳಗಿನ ಜಾವ, ಎಲ್ಲರಿಗಿಂತ ಮೊದಲು ಎದ್ದು, ಹಿತ್ತಲ ಬಾಗಿಲಿನ ಹೊಸ್ತಿಲಾಚೆ ಎಡಗೈಯಿಂದ ಏಳು ಹರಳು ಪೇರಿಸಿಟ್ಟೆ. ದಿನಾ ಮೊದಲು ಆ ಬಾಗಿಲು ದಾಟುವವಳು ಶಾಂತಕ್ಕ, ತುಳಸಿಗೆ ನೀರು ಹಾಕಲು. ನಾನು ಹೊಳ್ಳಿ ನೋಡದೆ ಬಂದು ನೀರಿನ ಹರವಿಯ ಹಿಂದೆ ಕೂತೆ. ಅವಳು ತಂಬಿಗೆ ಹಿಡಿದು ಬಂದಳು, ಅಗಳಿ ತೆಗೆದಳು. ಅಷ್ಟರಲ್ಲಿ ಅವಳ ಕಾಲ ಸಂದಿಯಿಂದ ನುಸುಳಿ ಮೋತ್ಯಾ ಹೊರಗೆ ಹಾರಿತು. ಹರಳುಗಳು ಚೆಲ್ಲಿಹೋದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಮೋತ್ಯಾ ನಮ್ಮ ನಾಯಿ. ಮಿರಜಿನ ರೇಲ್ವೆ ಬಂಗಲೆಯೊಂದರ ಜೋಲುಗಿವಿಯ ನಾಯಿಗೂ ಯಾವುದೋ ಬೀದಿನಾಯಿಗೂ ಹುಟ್ಟಿದ ಮರಿ, ಇನ್ನೂ ವರ್ಷ ತುಂಬಿರಲಿಲ್ಲ. ಕಂದು ಮೈ, ಜೋಲು ಕಿವಿ, ಕಣ್ಣಿನ ರೆಪ್ಪೆಗಳೂ ಸಡಿಲವೇ. ಯಾವಾಗಲೂ ಯಾರೋ ಬೈದ ಹಾಗೆ ಮುಖ. ಯಾರಿಗೂ ಬೊಗಳದ ಆ ನಾಯಿ ತಾನಿಬಾಯಿಯ ಒನಕೆಯ ಸದ್ದಿಗೆ ಮಾತ್ರ ಹಾರಿಹಾರಿ ಬೊಗಳುತ್ತಿತ್ತು.

ಎದ್ದು ಹೊರಗೆ ಓಡಬೇಕು ಎನ್ನುವಷ್ಟರಲ್ಲಿ ಆಯಿ ಕರೆದಳು. ದೇವರ ಮನೆಗೆ ಹೂವು ಬಿಡಿಸಿಕೊಟ್ಟು, ಹಾಲು ಕುಡಿದು, ಹಿತ್ತಲಿಗೆ ಬಂದು ನೋಡಿದರೆ ಹರಳು ಇಲ್ಲ. ಒಂದೂ ಇಲ್ಲ. ಕಸದ ಗುಡ್ಡೆ ಕೆದಕಿದೆ, ತುಳಸಿಕಟ್ಟೆಯ ಬುಡ ನೋಡಿದೆ. ಏಳಕ್ಕೆ ಏಳೂ ಮಾಯ.

ಅಂದು ಸಂಜೆಗೆ ನನ್ನ ಕಣ್ಣಿನ ಗುಳ್ಳೆ ಒಡೆದು ಇಳಿಯಿತು. ಮರುದಿನ ಮುಂಜಾನೆ ಮೋತ್ಯಾನ ಬಲಗಣ್ಣಿನಲ್ಲಿ, ಮೂಗಿನ ಬದಿಯ ಮೂಲೆಯಲ್ಲಿ, ಕೆಂಪಗೆ ನುಣ್ಣಗೆ ಒಂದು ಗಂಟು ಹೊರಬಂದಿತ್ತು. ಗುಲಗಂಜಿಗಿಂತ ದೊಡ್ಡದು, ಬಾರಿಹಣ್ಣಿಗಿಂತ ಸಣ್ಣದು. ನನ್ನ ಬಲಗಣ್ಣು, ಅದರ ಬಲಗಣ್ಣು.

ಮನೆಯಲ್ಲಿ ಗುಲ್ಲೆದ್ದಿತು. ಮಿರಜಿನವರು ಬರಲು ಮೂರೇ ದಿನ ಉಳಿದಿದ್ದವು.

"ಹುಚ್ಚ ಹಿಡಿಯೂ ನಾಯಿಗೆ ಮೊದಲ ಕಣ್ಣ ಕೆಂಪಾಗತಾವ," ಎಂದಳು ಆಯಿ. "ಹೊಳಿ ಆಚಿಗೆ ಬಿಟ್ಟ ಬರ್ರಿ ಅದನ್ನ."

"ಒಂದ ಕಣ್ಣ ಅಷ್ಟ ಕೆಂಪಾಗೇತಿ ಅವ್ವಾ. ಹುಚ್ಚಿನ ಲಕ್ಷಣ ಅಲ್ಲ ಇದು," ಎಂದ ಅಪ್ಪ. ಅವನ ಸಂಶಯ ಬೇರೆ ಕಡೆಗಿತ್ತು. ಗೋದಾಮಿನ ಬಾಗಿಲಲ್ಲಿ ಮಲಗುವ ನಾಯಿಯನ್ನು ಕುರುಡು ಮಾಡಿದರೆ ಯಾರಿಗೆ ಅನುಕೂಲ ಎಂದು ಅವನು ಗಡ್ಡ ಕೆರೆಯುತ್ತ ಕೂತ. ಕಾಕೂಗೆ ಈ ಸಂಬಂಧ ತಪ್ಪಿಸಬೇಕೆಂದು ಯಾರೋ ಮಾಟ ಮಾಡಿಸಿದ್ದಾರೆ ಎಂಬ ಅನುಮಾನ. ಓಣಿಯ ಒಂದೊಂದೇ ಮನೆಯನ್ನು ನೆನೆದು, ಮಗಳಿರುವ ಮನೆ ಬಂದಾಗಲೆಲ್ಲ ತಲೆ ಆಡಿಸುತ್ತಿದ್ದಳು. ಮೋತ್ಯಾ ಮಾತ್ರ ಆ ಗಂಟು ತನ್ನದಲ್ಲವೇನೋ ಎಂಬಂತೆ ಬಾಲ ಅಲ್ಲಾಡಿಸಿಕೊಂಡು ರೊಟ್ಟಿ ತಿಂದಿತು.

ನನಗೋ ಒಂದೇ ಪ್ರಶ್ನೆ: ನನ್ನ ಹರಳು ಯಾರ ಹತ್ತಿರ ಇವೆ? ಹರಳು ಎತ್ತಿಕೊಂಡವರಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾರೆ ಎಂದರೆ ಸಮಯ ಕಾಯುತ್ತಿದ್ದಾರೆ. ಆಯಿಯ ಸೊಂಟದ ಸಂಚಿಯಲ್ಲಿ ಏನೋ ಕಟಕಟ ಎಂದಿತು. ಅವಳು ನಿದ್ದೆ ಮಾಡುವಾಗ ಮುಟ್ಟಿ ನೋಡಿದೆ, ಅಡಿಕೆ. ಅಪ್ಪನ ಅಂಗಿಯ ಕಿಸೆ ತಡಕಿದೆ. ಶಾಂತಕ್ಕ ತಲೆ ಬಾಚುವಾಗ ತನ್ನಷ್ಟಕ್ಕೆ ನಕ್ಕಳು, ಯಾಕೆ ನಕ್ಕಳು ಎಂದು ಇಡೀ ದಿನ ಯೋಚಿಸಿದೆ. ಹೊರಬಿದ್ದರೆ ಎಲ್ಲರೂ ಏನೆನ್ನುತ್ತಾರೆ? ನಾಯಿಯ ಕಣ್ಣು ಕೆಡಿಸಿದ್ದು ಹಾಗಿರಲಿ, ಆ ಹರಳು ಇಟ್ಟದ್ದು ಶಾಂತಕ್ಕನಿಗೆ ಎಂದು ಕಾಕೂಗೆ ಗೊತ್ತಾದರೆ? ತಂದೆಯಿಲ್ಲದ ಹುಡುಗಿಯ ಸಂಬಂಧ ಮುರಿಯಲು ನೋಡಿದವಳು ಇದೇ ಮನೆಯ ಅನ್ನ ಉಣ್ಣುತ್ತಿದ್ದಾಳೆ ಎಂದರೆ?

ತಪ್ಪು ಹೊರಿಸಲು ಕಾಕೂನೇ ಒಬ್ಬರನ್ನು ಕಂಡುಹಿಡಿದಳು.

ಮರುದಿನ ಮಧ್ಯಾಹ್ನ ಹಿತ್ತಲಲ್ಲಿ ಒನಕೆ ನಿಂತಿತು. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ಹರವಿಯ ಹಿಂದಿನ ಅದೇ ಜಾಗದಲ್ಲಿದ್ದೆ. ಒರಳಿನಿಂದ ಎದ್ದ ಖಾರದ ದೂಳು ಬಿಸಿಲಿನಲ್ಲಿ ಇನ್ನೂ ಆಡುತ್ತಿತ್ತು. ಬೆಳಗಿನಿಂದ ನಾವೆಲ್ಲ ನೂರು ಸಲ ಸೀನಿದ್ದೆವು.

"ತಾನಿ, ಮೊನ್ನೆ ನೀ ಮೋತ್ಯಾನ ಮ್ಯಾಲ ಕೈ ಎತ್ತಿದಿಲ್ಲ?" ಎಂದಳು ಕಾಕೂ. "ನಾ ನೋಡೇನಿ."

ತಾನಿಬಾಯಿ ಒನಕೆಗೆ ಒರಗಿ ನಿಂತಳು. "ಎತ್ತೇನ್ರಿ ಅಕ್ಕಾರ. ಬೊಗಳಾಕತ್ತಿತ್ತು, ಹಚ್ಯಾ ಅಂದೆ."

"ಖಾರದ ಕೈ."

"ಖಾರ ಕುಟ್ಟಾಕಿ ಕೈ ಖಾರದ್ದ ಇರತೈತ್ರಿ. ಹಂಗಂತ ಮೂಕ ಪ್ರಾಣಿ ಕಣ್ಣಿಗಿ ಒಗೀತೇನೇನ್ರಿ?"

"ಹಂಗಾದರ ಕಣ್ಣಿಗೆ ಏನಾಗೇತಿ, ನೀನ ಹೇಳು," ಎಂದಳು ಆಯಿ.

ತಾನಿಬಾಯಿಯ ಕಣ್ಣು ಹಿತ್ತಲನ್ನೆಲ್ಲ ಒಂದು ಸುತ್ತು ಹಾಕಿ ಹರವಿಯ ಹತ್ತಿರ ಬಂದು ನಿಂತಿತು. ನನ್ನನ್ನೇ ನೋಡಿದಳು. ಅವಳ ಎಡಗೈ ಸೊಂಟದ ಸೆರಗಿನ ಗಂಟಿನ ಮೇಲಿತ್ತು. ಆ ಗಂಟು ಉಬ್ಬಿತ್ತು. ನನಗೆ ಆ ಕ್ಷಣಕ್ಕೆ ತಿಳಿಯಿತು, ನನ್ನ ಹರಳು ಎಲ್ಲಿವೆ ಎಂದು.

ಈಗ ಹೇಳುತ್ತಾಳೆ ಎಂದುಕೊಂಡೆ. ಸೆರಗು ಬಿಚ್ಚಿ ಏಳು ಹರಳು ನೆಲಕ್ಕೆ ಚೆಲ್ಲಿದರೆ ಸಾಕು, ಅವಳ ಮೇಲಿನ ಮಾತು ಅಲ್ಲಿಗೇ ಮುಗಿಯುತ್ತದೆ. ಅವಳು ಹೇಳುವ ಮೊದಲು ನಾನೇ ಹೇಳಿಬಿಡಬೇಕು ಅನಿಸಿತು. ನಿಜವಾಗಿ ಅನಿಸಿತು. ಎದ್ದು ನಿಂತೆ. ಬಾಯಿ ತೆರೆದೆ.

"ಇನ್ನ ಏನ ಉಳದೈತಿ ಹೇಳಾಕ? ಇದು ತಾನೀದ ಕೆಲಸ," ಎಂದಳು ಕಾಕೂ.

ನನಗೆ ಸೀನು ಬಂತು. ದೊಡ್ಡ ಸೀನು.

ನಮ್ಮ ಮನೆಯಲ್ಲಿ ಮಾತಿನ ನಡುವೆ ಯಾರಾದರೂ ಸೀನಿದರೆ, ಅದರಲ್ಲೂ ಮಗು ಸೀನಿದರೆ, ಆ ಮಾತು ಸತ್ಯ ಎಂದು ನಂಬಿಕೆ. ಆಯಿ ಥಟ್ಟನೆ ನೆಲ ಮುಟ್ಟಿ ನಮಸ್ಕಾರ ಮಾಡಿದಳು. "ಕೇಳಿದ್ರಿಲ್ಲ? ಕೂಸಿನ ಬಾಯಿಲೆ ಬಂತು. ಸತ್ಯ ಐತಿ," ಎಂದಳು.

ಬೆಳಗಿನಿಂದ ಸೀನಿದ ನೂರು ಸೀನು ಯಾರ ಲೆಕ್ಕಕ್ಕೂ ಇರಲಿಲ್ಲ. ಇದೊಂದು ಸಾಕ್ಷಿಯಾಯಿತು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಈಗ ಮಾತಾಡಿದರೆ ದೇವರೇ ಹೇಳಿದ್ದನ್ನು ಸುಳ್ಳು ಎಂದಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳಿಗೆ ನೆಪ ಹುಡುಕಲು ಯಾರೂ ಕಲಿಸಬೇಕಾಗಿಲ್ಲ.

ತಾನಿಬಾಯಿ ಒನಕೆಯನ್ನು ಗೋಡೆಗೆ ಆನಿಸಿ, ಕೈ ತೊಳೆದು, ಒದ್ದೆ ಕೈಯಿಂದ ಮುಖ ಒರೆಸಿಕೊಂಡಳು.

"ಅವ್ವಾರ, ಕಣ್ಣಿಗೆ ಏನೇನೋ ಬರತಾವ, ಹೋಗತಾವ. ಎಲ್ಲಾದಕ್ಕೂ ಯಾರ ಮಾಡಿದರು ಅಂತ ಕೇಳಿದರ ನಾ ಏನ ಹೇಳಲಿ? ಬರತೇನ್ರಿ," ಎಂದಳು. ತಲೆಯ ಮೇಲೆ ಬುಟ್ಟಿ ಇಡುವ ಸಿಂಬಿಯನ್ನು ಗೂಟದಿಂದ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಒರಳಿನಲ್ಲಿ ಅರ್ಧ ಕುಟ್ಟಿದ ಖಾರ ಹಾಗೇ ಉಳಿಯಿತು. ಮೋತ್ಯಾ ಅವಳ ಹಿಂದೆ ಬಾಗಿಲವರೆಗೆ ಹೋಗಿ, ಒನಕೆ ಇಲ್ಲದ ತಾನಿಬಾಯಿಗೆ ಬೊಗಳಬೇಕೋ ಬೇಡವೋ ತಿಳಿಯದೆ ನಿಂತಿತು.

ಮರುದಿನ ಅಪ್ಪ ಟಾಂಗಾ ಮಾಡಿ ಮೋತ್ಯಾನನ್ನು ಸಂಸ್ಥಾನದ ಲಾಯದ ಕುದುರೆ ಡಾಕ್ಟರರ ಹತ್ತಿರ ಒಯ್ದ. ಕುದುರೆಗಳ ಗಾಯಕ್ಕೆ ಅರಿಷಿಣ ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು, ಆ ಪರಿಚಯ. ನಾಯಿಯನ್ನು ಹಿಡಿದುಕೊಳ್ಳಲು ನಾನು. ಲಾಯದ ತುಂಬ ಹುಲ್ಲು, ನೆನೆಸಿದ ಕಡಲೆ, ಕುದುರೆಯ ಬೆವರಿನ ವಾಸನೆ. ಡಾಕ್ಟರರು ಬೆಳ್ಳಿ ಚೌಕಟ್ಟಿನ ಕನ್ನಡಕದ ಮುದುಕರು. ಮೋತ್ಯಾನ ತಲೆಯನ್ನು ತೊಡೆಯ ನಡುವೆ ಹಿಡಿದು, ಒದ್ದೆ ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಆ ಗಂಟನ್ನು ಮೆಲ್ಲಗೆ ಒಳಕ್ಕೆ ಒತ್ತಿದರು. ಗಂಟು ಮಾಯವಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ಮೋತ್ಯಾ ತಲೆ ಕೊಡವಿತು, ಗಂಟು ಮತ್ತೆ ಹೊರಗೆ.

ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ನಾಯಿಗೆ ನಮ್ಮ ಹಾಗೆ ಎರಡೇ ರೆಪ್ಪೆಯಲ್ಲ, ಮೂಗಿನ ಬದಿಗೆ ಮೂರನೆಯದೊಂದು ಇದೆಯಂತೆ. ಅದರೊಳಗೆ ಒಂದು ಗ್ರಂಥಿ. ಅದನ್ನು ಹಿಡಿದಿಡುವ ಕಟ್ಟು ಸಡಿಲವಾಗಿದ್ದರೆ ಒಂದು ದಿನ ತಾನಾಗಿಯೇ ಜಾರಿ ಹೊರಬರುತ್ತದೆ. ಮರಿಗಳಲ್ಲಿ ಹೆಚ್ಚು, ಅದರಲ್ಲೂ ಇಂಥ ಜೋಲುಗಿವಿಯ ಜಾತಿಯಲ್ಲಿ.

"ಖಾರ ಬಿದ್ದು ಹೀಗಾಗಿದೆಯೇ?" ಎಂದು ಅಪ್ಪ ಕೇಳಿದ.

"ಖಾರ ಬಿದ್ದಿದ್ದರೆ ಕಣ್ಣು ಮುಚ್ಚಿ, ನೀರು ಸುರಿಸಿ, ಮುಖ ನೆಲಕ್ಕೆ ಉಜ್ಜಿ ಒದ್ದಾಡುತ್ತಿತ್ತು. ಇದು ನೋಡಿ, ಕೈ ಹಚ್ಚಿದರೂ ನೆಕ್ಕುತ್ತಿದೆ," ಎಂದರು. ಕೈ ತೊಳೆಯುತ್ತ, "ಕುಣಾಚಾಚ ದೋಷ ನಾಹೀ," ಎಂದರು. ಯಾರದೂ ತಪ್ಪಿಲ್ಲ.

ಕತ್ತರಿಸಿ ತೆಗೆಯುವವರಿದ್ದಾರೆ, ನಾನು ತೆಗೆಯುವುದಿಲ್ಲ ಎಂದೂ ಹೇಳಿದರು. ಹಾಗೆ ಕತ್ತರಿಸಿದ ಒಂದು ನಾಯಿಯ ಕಣ್ಣು ಆಮೇಲೆ ಒಣಗಿ ಮಂಕಾದದ್ದನ್ನು ಅವರು ನೋಡಿದ್ದರಂತೆ. ಕಣ್ಣೀರಿಗೂ ಆ ಗ್ರಂಥಿಗೂ ಏನೋ ಸಂಬಂಧವಿರಬೇಕು ಎಂದು ಅವರ ಗುಮಾನಿ. ಬೋರಿಕ್ ಪುಡಿ ಕೊಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಹಾಕಿ ದಿನಾ ತೊಳೆಯಿರಿ, ಹೀಗೇ ಬಾಳುತ್ತದೆ ಎಂದು ಕಳಿಸಿದರು.

ಯಾರದೂ ತಪ್ಪಿಲ್ಲ! ನನ್ನ ಹರಳಿನದೂ ಅಲ್ಲ! ಟಾಂಗಾದಲ್ಲಿ ನಾನು ಮೋತ್ಯಾನ ಕತ್ತು ತಬ್ಬಿಕೊಂಡು ಕುಣಿಯುವುದೊಂದು ಬಾಕಿ. ಅಪ್ಪ ದಾರಿಯಲ್ಲಿ ಭಡಂಗ ಕೊಡಿಸಿದ. ಖಾರ, ಬೆಳ್ಳುಳ್ಳಿ, ಶೇಂಗಾ ಹಾಕಿದ ಬಿಸಿ ಚುರುಮುರಿ. ಕಾಗದದ ತುದಿಯವರೆಗೂ ಬೆರಳು ಹಾಕಿ ತಿಂದೆ. ಅಷ್ಟು ರುಚಿಯಾದ ಭಡಂಗ ಮತ್ತೆ ತಿಂದಿಲ್ಲ. ಆ ಇಡೀ ದಾರಿಯಲ್ಲಿ ತಾನಿಬಾಯಿಯ ನೆನಪು ನನಗೆ ಒಮ್ಮೆಯೂ ಬರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೇ.

ಮನೆಯಲ್ಲಿ ಅಪ್ಪ ಎಲ್ಲವನ್ನೂ ಹೇಳಿದ. ಆಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಕುದುರಿ ಡಾಕ್ಟರಗ ನಾಯಿ ಕಣ್ಣ ಏನ ಗೊತ್ತು," ಎಂದಳು.

"ತಾನೀನ ಕರಸೂಣೇನು?" ಎಂದ ಅಪ್ಪ.

ಕಾಕೂ ತಲೆ ತಗ್ಗಿಸಿದಳು. ಅರ್ಧ ಉಳಿದ ಖಾರವನ್ನು ಅವಳೂ ಶಾಂತಕ್ಕನೂ ಕುಟ್ಟಿ ಮುಗಿಸಿದ್ದರು; ಇಬ್ಬರ ಅಂಗೈಯೂ ಬೊಬ್ಬೆ ಎದ್ದು ಉರಿಯುತ್ತಿತ್ತು. "ಖಾರಂತೂ ಮುಗದೈತಿ. ಈಗ ಯಾವ ಮಾರಿ ಹೊತ್ತ ಕರಸೂದು? ಬರೂ ವರ್ಷ ನೋಡೂಣಂತ," ಎಂದಳು.

ಬರುವ ವರ್ಷ ಪಕ್ಕದ ಓಣಿಯಲ್ಲಿ ಖಾರ ಬೀಸುವ ಗಿರಣಿ ಬಂತು. ನೋಡುವ ಅವಶ್ಯಕತೆಯೇ ಬೀಳಲಿಲ್ಲ.

ಮಿರಜಿನವರು ಬಂದರು, ಶಾಂತಕ್ಕನ ಕಣ್ಣನ್ನೇ ಹೊಗಳಿದರು, ಒಪ್ಪಿದರು. ತುಳಸಿ ಲಗ್ನ ಮುಗಿದ ಮೇಲೆ ನಮ್ಮ ಮನೆಯ ಮುಂದೆ ಹಂದರ ಹಾಕಿದರು. ಮದುವೆಯ ಮಧ್ಯಾಹ್ನ, ಎಲ್ಲರೂ ಹೊರಗೆ ಬೀಗರ ಪಂಕ್ತಿಯಲ್ಲಿ ತುಪ್ಪ ಬಡಿಸುವ ಗಡಿಬಿಡಿಯಲ್ಲಿದ್ದಾಗ, ನಾನು ಹಿತ್ತಲಿಗೆ ಬಂದೆ. ಬಾಗಿಲಾಚೆ ತಾನಿಬಾಯಿ ನಿಂತಿದ್ದಳು. ಕರೆಯದೆ ಬಂದವಳು. ಒಂದು ಕುಬಸದ ಖಣವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದಳು.

"ಶಾಂತವ್ವಗ ಕೊಡ ಬಾಳಾ. ನಾ ಕೊಟ್ಟೇನಿ ಅನಬ್ಯಾಡ," ಎಂದಳು.

ನಾನು ತೆಗೆದುಕೊಂಡೆ. ಮೋತ್ಯಾ ಬಂದು ಅವಳ ಕಾಲು ಮೂಸಿತು, ಬೊಗಳಲಿಲ್ಲ. ಅದರ ಕಣ್ಣಿನ ಮೂಲೆಯ ಕೆಂಪು ಗಂಟು ಹಾಗೇ ಇತ್ತು. ಅವಳು ಬಗ್ಗಿ ಅದರ ಗಲ್ಲ ಹಿಡಿದು ನೋಡಿದಳು.

"ನೋಯತೈತೇನ ಇದಕ್ಕ?"

"ಇಲ್ಲರಿ."

"ಹಂಗಾದರ ಆತು."

ಆಮೇಲೆ ಎಡಗೈಯಿಂದ ನನ್ನ ಬಲಗೈ ಹಿಡಿದು ತನ್ನ ಸೆರಗಿನ ಕೆಳಗೆ ಎಳೆದುಕೊಂಡಳು. ಒಳಗೆ, ಕಾಣದ ಹಾಗೆ, ನನ್ನ ಅಂಗೈಯಲ್ಲಿ ಒಂದೊಂದೇ ಹರಳು ಇಟ್ಟಳು. ಕಣ್ಣಿಗೆ ಕಾಣುವುದು ಬೇಕಿರಲಿಲ್ಲ. ಚಪ್ಪಟೆ ಹರಳು ಬಂತು, ದುಂಡನೆಯದು ಬಂತು, ತುದಿ ಮುಕ್ಕಾದದ್ದು ಬಂತು. ಏಳು. ಏಳನೆಯದು ಬಂದ ಮೇಲೆ ನನ್ನ ಬೆರಳುಗಳನ್ನು ಮಡಚಿ, ಮುಷ್ಟಿ ಮಾಡಿ, ಒಮ್ಮೆ ಗಟ್ಟಿಯಾಗಿ ಒತ್ತಿದಳು. ಆ ದಪ್ಪ, ಬಿರಿದ ಅಂಗೈಯ ಬಿಸಿ ಈಗಲೂ ಇದೆ ಅನಿಸುತ್ತದೆ.

"ಆಡೂ ಹರಳ ಹಾದ್ಯಾಗ ಇಡಬಾರದವ್ವಾ. ಯಾರರ ಎಡವಿ ಬೀಳತಾರ," ಎಂದಳು, ಹೋದಳು.

ಊಟ ಮಾಡಿ ಹೋಗ್ರಿ ಎನ್ನಬೇಕಿತ್ತು. ಒಳಗೆ ಹೋಳಿಗೆಯ ರಾಶಿ ಇತ್ತು. ಮಾವಶಿ ಎಂದು ಕೂಗಿದ್ದರೂ ಸಾಕಿತ್ತು. ಹಂದರದಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂದು ನಾನು ಮುಷ್ಟಿ ಬಿಗಿಹಿಡಿದುಕೊಂಡು ನಿಂತೆ.

ಅವಳು ಆ ದಿನ ಯಾಕೆ ಸುಮ್ಮನಿದ್ದಳು? ಸಂಶಯದ ನನ್ನ ಬುದ್ಧಿ ಎಷ್ಟೋ ವರ್ಷ ಇದನ್ನು ತಿರುವಿ ತಿರುವಿ ನೋಡಿದೆ. ಹರಳಿನ ಉಪಾಯ ಹೇಳಿಕೊಟ್ಟವಳು ತಾನೇ ಎಂಬ ಭಯವಿತ್ತೇ? ಇದ್ದಿರಲೂಬಹುದು. ಆದರೆ ಅಷ್ಟೇ ಆಗಿದ್ದರೆ ಹರಳನ್ನು ಹೊಳೆಗೆ ಎಸೆಯುತ್ತಿದ್ದಳು, ಆರು ತಿಂಗಳು ಗಂಟಿನಲ್ಲಿ ಕಟ್ಟಿ ಇಡುತ್ತಿರಲಿಲ್ಲ. ಇಲ್ಲಿಗೆ ಬಂದು ನನ್ನ ಸಂಶಯ ಪ್ರತಿ ಸಲವೂ ಸೋಲುತ್ತದೆ.

ಮೋತ್ಯಾ ಆ ಗಂಟಿನೊಂದಿಗೇ ಮುಪ್ಪಿನವರೆಗೆ ಬಾಳಿತು. ದಿನಾ ಕಣ್ಣು ತೊಳೆಯುವ ಕೆಲಸ ನನ್ನದು. ಮನೆಯವರೆಲ್ಲ ದಿನಾ ಆ ಕೆಂಪನ್ನು ನೋಡುತ್ತಿದ್ದರು, ತಾನಿಬಾಯಿಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಈಗ ಆ ಗ್ರಂಥಿಯನ್ನು ಒಳಗಿಟ್ಟು ಹೊಲಿಗೆ ಹಾಕುವ ಡಾಕ್ಟರರಿದ್ದಾರೆ. ಪೇಟೆಯಲ್ಲಿ ದರವನ್ನು ಕೂಗಿ ಹೇಳುತ್ತಾರೆ. ಖಾರ ಪಾಕೀಟಿನಲ್ಲಿ ಬರುತ್ತದೆ, ಓಣಿ ಸೀನುವುದನ್ನು ಬಿಟ್ಟಿದೆ. ಆಯಿ, ಕಾಕೂ, ಅಪ್ಪ, ಅವ್ವ, ಕೊನೆಗೆ ಶಾಂತಕ್ಕನೂ ಹೋದರು.

ನನ್ನನ್ನೂ ಮಿರಜಿಗೇ ಕೊಟ್ಟರು. ಎರಡು ಮಕ್ಕಳಾದ ಮೇಲೆ ಒಮ್ಮೆ ನೆಂಟರ ಮನೆಯ ಕಾರ್ಯಕ್ಕೆಂದು ಸಮಡೋಳಿಗೆ ಹೋಗಿದ್ದೆ. ಹೇಳಬೇಕಾದ ಮಾತನ್ನು ಗಾಡಿಯಲ್ಲಿ ಇಡೀ ದಾರಿ ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸನ್ನು ಕೇಳಿದೆ, ತಾನಿಬಾಯಿಯ ಮನೆ ಎಲ್ಲಿ ಎಂದು.

"ಯಾವ ತಾನಿಬಾಯಿ? ನಾಕೈದ ಮಂದಿ ಇದ್ದಾರ. ಯಾರ ಮನಿಯಾಕಿ?"

"ಸಾಂಗಲಿಗೆ ಖಾರ ಕುಟ್ಟಾಕ ಬರತಿದ್ರು," ಎಂದೆ.

"ಆಗ ಎಲ್ಲಾರೂ ಹೋಗತಿದ್ರವ್ವಾ," ಎಂದು ಅವಳು ಕೊಡ ಎತ್ತಿಕೊಂಡಳು. "ಮನೆತನದ ಹೆಸರ ಹೇಳು."

ನನ್ನ ಏಳು ಹರಳನ್ನು ತಾನಿಬಾಯಿ ಕಣ್ಣು ಮುಚ್ಚಿ ಗುರುತು ಹಿಡಿಯುತ್ತಿದ್ದಳು. ನಾನು ಹುಟ್ಟಿದಾಗಿನಿಂದ ನಮ್ಮ ಹಿತ್ತಲಿಗೆ ಬಂದು ಹೋದ ಅವಳು ಯಾರ ಮನೆಯವಳು ಎಂದು, ಎಲ್ಲರ ಕಿಸೆ ಸಂಚಿ ತಡಕಿದ ನಾನು, ಒಂದು ಸಲವೂ ಕೇಳಿರಲಿಲ್ಲ. ಆ ಹೆಂಗಸು ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೊಡ ಹೊತ್ತುಕೊಂಡು ಮನೆಗೆ ಹೋದಳು.